ನಾಲ್ಕು ಫ್ರಾಕಿನ ಗುರುವಾರ

2022ರ ಜೂನ್ ತಿಂಗಳಲ್ಲಿ ನಾನು ಹುಣಸೂರಿನ ಕಚೇರಿಯಲ್ಲಿ ಕುಳಿತು ನಾಲ್ಕು ತಾಲ್ಲೂಕುಗಳ ಸಮನ್ವಯ ಶಿಕ್ಷಣದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೆ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ. ಸಮನ್ವಯ ಶಿಕ್ಷಣವೆಂದರೆ ಅಂಗವೈಕಲ್ಯವಿರುವ ಮಕ್ಕಳನ್ನು ಬೇರೆ ಇಡದೆ ಊರಿನ ಶಾಲೆಯಲ್ಲೇ ಉಳಿದ ಮಕ್ಕಳ ಜೊತೆ ಓದಿಸುವುದು. ಶಾಲೆಗೆ ಬರಲಾಗದಷ್ಟು ತೊಂದರೆ ಇರುವವರಿಗೆ ಗೃಹಾಧಾರಿತ ಶಿಕ್ಷಣವೆಂಬ ಏರ್ಪಾಡು ಇದೆ. ತರಬೇತಿ ಪಡೆದ ವಿಶೇಷ ಶಿಕ್ಷಕರು ವಾರಕ್ಕೊಮ್ಮೆ ಮಗುವಿನ ಮನೆಗೇ ಹೋಗಿ ಕಲಿಸಬೇಕು, ವ್ಯಾಯಾಮ ಮಾಡಿಸಬೇಕು, ತಾಯಿಗೂ ಹೇಳಿಕೊಡಬೇಕು. ಅವರು ಹೋದರೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ಆಗ ನನಗೆ ಇಪ್ಪತ್ತೊಂಬತ್ತು ವರ್ಷದ ಸರ್ವಿಸ್ ಆಗಿತ್ತು, ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಸುಳ್ಳು ಹಾಜರಿ ಹಿಡಿಯುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಆ ಹೆಸರಿನ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ನಾನು ಆ ಜಾಗಕ್ಕೆ ಬರುವ ಮೊದಲು ಭೇಟಿಗೆ ದಾಖಲೆಯೆಂದರೆ ಒಂದು ಪುಸ್ತಕ. ಅದರಲ್ಲಿ ವಾರವಾರವೂ ತಾಯಿಯ ಸಹಿ ಅಥವಾ ಹೆಬ್ಬೆಟ್ಟು. ಬಂದ ಮೊದಲ ತಿಂಗಳಲ್ಲೇ ಒಂದು ಪುಸ್ತಕದಲ್ಲಿ ಐವರು ತಾಯಂದಿರ ಹೆಬ್ಬೆಟ್ಟು ಒಂದೇ ಆಗಿರುವುದನ್ನು ಹಿಡಿದೆ. ಹೆಬ್ಬೆಟ್ಟು ಶಿಕ್ಷಕನದೇ. ಅವತ್ತೇ ಹೊಸ ನಿಯಮ ಮಾಡಿದೆ. ಪ್ರತಿ ಭೇಟಿಗೂ ಮಗುವಿನ ಫೋಟೊ ಬೇಕು, ಅದರ ಮೇಲೆ ತಾರೀಖು ಮತ್ತು ಜಾಗ ಮೂಡಿರಬೇಕು. ಇಲಾಖೆ ಕೊಟ್ಟ ಕುರ್ಚಿ, ವಾಕರ್‌ಗಳನ್ನು ಕೆಲವು ಮನೆಗಳಲ್ಲಿ ಮೂಲೆಗೆ ತಳ್ಳಿ ಮೇಲೆ ರಾಗಿ ಮೂಟೆ ಪೇರಿಸುತ್ತಿದ್ದರು. ಅದಕ್ಕೆ ಇನ್ನೊಂದು ಸಾಲು ಸೇರಿಸಿದೆ: ಮಗು ಇಲಾಖೆಯ ಸಲಕರಣೆ ಬಳಸುತ್ತಿರುವುದು ಫೋಟೊದಲ್ಲಿ ಕಾಣಬೇಕು. ಶಿಕ್ಷಕರ ಸಭೆಯಲ್ಲಿ ಎದ್ದು ನಿಂತು, "ಫೋಟೊ ಇಲ್ಲದ ಭೇಟಿ ನನ್ನ ಮಟ್ಟಿಗೆ ಭೇಟಿಯೇ ಅಲ್ಲ" ಎಂದೆ. ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು.

ನಸೀಮಾ ನನ್ನ ಪಟ್ಟಿಗೆ ಬಂದದ್ದು ಆ ಜೂನ್‌ನಲ್ಲಿ. ಪಿರಿಯಾಪಟ್ಟಣದ ಬಡಗಿ ಇಬ್ರಾಹಿಂ ಅವರ ಮಗಳು, ಹತ್ತು ವರ್ಷ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಕೈಕಾಲು ಸೆಟೆದುಕೊಳ್ಳುವ ತೊಂದರೆ, ಸೆರೆಬ್ರಲ್ ಪಾಲ್ಸಿ. ನಮ್ಮ ಫೈಲುಗಳಲ್ಲಿ ಬರೀ ಸಿ.ಪಿ. ಮಾತು ನಿಧಾನ, ಒಂದೊಂದು ಅಕ್ಷರಕ್ಕೂ ಮುಖವೆಲ್ಲ ತಿರುಚಿಕೊಳ್ಳುತ್ತಿತ್ತು. ಬುದ್ಧಿಗೆ ಮಾತ್ರ ಏನೂ ಕಮ್ಮಿಯಿರಲಿಲ್ಲ. ತಪಾಸಣೆಯ ದಿನ ನನ್ನ ಕೈಗಡಿಯಾರ ತೋರಿಸಿ ಗಂಟೆ ಎಷ್ಟಮ್ಮ ಎಂದು ಕೇಳಿದೆ. ಅವಳು ನನ್ನ ಕೈ ನೋಡಿದಳು, ಗೋಡೆಯ ಗಡಿಯಾರ ನೋಡಿದಳು, ಬಹಳ ಹೊತ್ತು ತೆಗೆದುಕೊಂಡು, "ನಿಮ್ದು ಐದ್ ನಿಮಿಷ ಮುಂದೈತೆ" ಎಂದಳು. ನಾನು ನಕ್ಕುಬಿಟ್ಟೆ. ಅವಳಮ್ಮ ಶಾಹಿದಾ ನನಗೆ ಬೇಜಾರಾಯಿತೇನೋ ಎಂದು ಗಾಬರಿಯಾದರು.

ನಸೀಮಾಳಿಗೆ ಶಾಲೆಗೆ ಹೋಗಬೇಕಿತ್ತು. ಮನೆಯಿಂದ ಎರಡು ಬೀದಿಯಾಚೆಗೆ ಸರ್ಕಾರಿ ಶಾಲೆ. ಬೆಲ್ಲು ಹೊಡೆದರೆ ಅವಳು ಮಲಗಿದ್ದಲ್ಲಿಗೆ ಕೇಳುತ್ತಿತ್ತು. ಯಾವ ಬೆಲ್ಲಿಗೆ ಯಾವ ಪಾಠ ಎಂಬುದನ್ನು ಪಕ್ಕದ ಮನೆಯ ಮಕ್ಕಳಿಂದ ತಿಳಿದುಕೊಂಡು ಬಾಯಿಪಾಠ ಮಾಡಿದ್ದಳು. ನಾನು ಅಲ್ಲಿಯ ಮುಖ್ಯ ಶಿಕ್ಷಕಿಯನ್ನು ಕಂಡು ಕೇಳಿದೆ. ಆಕೆ ಕೆಟ್ಟವರಲ್ಲ, ಸುಸ್ತಾದವರು. "ಅರ್ಧ ದಿನ ಕೂತ್ಕೊಳೋ ಹಂಗಾದ್ರೆ ಕಳಿಸಿ ಮೇಡಂ. ಮಲಗಿಸ್ಕೊಂಡು ಪಾಠ ಮಾಡೋದು ನನ್ ಕೈಲಾಗಲ್ಲ" ಎಂದರು. ಕಾನೂನಿನ ಪ್ರಕಾರ ಆಕೆ ಷರತ್ತು ಹಾಕುವಂತಿರಲಿಲ್ಲ. ನಾನು ಜಗಳ ಕಾಯಬಹುದಿತ್ತು, ಕಾಯಲಿಲ್ಲ. ಷರತ್ತು ನ್ಯಾಯವಾಗಿಯೇ ಇದೆಯಲ್ಲ ಅನ್ನಿಸಿತು.

ನಮ್ಮ ಫಿಸಿಯೊಥೆರಪಿಸ್ಟ್ ಮಗುವನ್ನು ಪರೀಕ್ಷೆ ಮಾಡಿ ಸ್ಪಷ್ಟವಾಗಿ ಹೇಳಿದರು. ಸೊಂಟದ ಕೀಲುಗಳು ಬಿಗಿಯಾಗುತ್ತಿವೆ, ಆದರೆ ಕಾಲ ಮಿಂಚಿಲ್ಲ. ತಾವು ಹದಿನೈದು ದಿನಕ್ಕೊಮ್ಮೆ ಮನೆಗೆ ಹೋಗುವುದಾಗಿಯೂ, ನಡುವೆ ವಿಶೇಷ ಶಿಕ್ಷಕರು ವಾರವಾರ ನೋಡಿಕೊಂಡು, ತಾಯಿ ದಿನಾಲೂ ಕಾಲು ಬಿಡಿಸುವ ವ್ಯಾಯಾಮ ಮಾಡಿಸಿದರೆ ಮುಂದಿನ ಜೂನ್ ಹೊತ್ತಿಗೆ ಅವಳು ಒಂದು ಒರಗು ಕುರ್ಚಿಯಲ್ಲಿ ಅರ್ಧ ದಿನ ಕೂರಬಲ್ಲಳು ಎಂದೂ ಹೇಳಿದರು. ಬಿಟ್ಟರೆ ಕೀಲು ಜಾರುತ್ತದೆ, ಆಮೇಲೆ ಕೂರುವ ಮಾತಿಲ್ಲ. ಕೂತರೆ ಶಾಲೆ, ಕೂರದಿದ್ದರೆ ಮನೆ. ಇಬ್ರಾಹಿಂ ಇದನ್ನು ಕೇಳಿಸಿಕೊಂಡು ಎದ್ದುಹೋದರು. ಒಂದು ವಾರಕ್ಕೆ ಮಗಳ ಬೆನ್ನು, ತೊಡೆ, ಪಾದದ ಅಳತೆ ತೆಗೆದು ಹೊನ್ನೆ ಮರದಲ್ಲಿ ಒಂದು ಕುರ್ಚಿ ಮಾಡಿ ಮುಗಿಸಿದ್ದರು. ಅದರಲ್ಲಿ ಕೂರಿಸಿದರೆ ಹುಡುಗಿ ಕಾಲು ಗಂಟೆ ನೋವಿಲ್ಲದೆ ಕೂರುತ್ತಿದ್ದಳು.

ಜುಲೈನಲ್ಲಿ ಇಲಾಖೆಯ ಕುರ್ಚಿಯೂ ಬಂತು. ಅಳತೆ ತೆಗೆದದ್ದು ಎರಡು ವರ್ಷದ ಹಿಂದಿನ ಶಿಬಿರದಲ್ಲಿ, ನಸೀಮಾ ಎಂಟು ವರ್ಷದವಳಿದ್ದಾಗ. ಸೊಂಟದ ಹತ್ತಿರ ಬಿಗಿ ಇತ್ತು, ಕಾಲಿಡುವ ಹಲಗೆ ಮೊಣಕಾಲನ್ನು ಎದೆಗೆ ತಳ್ಳುತ್ತಿತ್ತು. ತಲುಪಿಸಲು ಹೋದವರು ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಂಡು ಬಂದರು. ಚಿಕ್ಕದಾಗಿದೆ ಎಂದು ಬರೆಯಲು ಆ ಫಾರಂನಲ್ಲಿ ಜಾಗವಿರಲಿಲ್ಲ.

ನಸೀಮಾಳ ಮನೆಗೆ ಹೋಗಬೇಕಾಗಿದ್ದ ವಿಶೇಷ ಶಿಕ್ಷಕ ಸೋಮಶೇಖರ, ಗಾವಡಗೆರೆಯವರು, ಗುತ್ತಿಗೆ ಮೇಲೆ ಕೆಲಸ. ಪಿರಿಯಾಪಟ್ಟಣ ಅವರ ತಾಲ್ಲೂಕು. ಎಚ್.ಡಿ. ಕೋಟೆಯ ಹುದ್ದೆ ಖಾಲಿ ಬಿದ್ದದ್ದರಿಂದ ಅದನ್ನೂ ನಾನೇ ಅವರ ತಲೆಗೆ ಕಟ್ಟಿದ್ದೆ. ಒಟ್ಟು ನಲವತ್ತೆರಡು ಮಕ್ಕಳು. ಒಂದು ಮನೆ ಬೈಲಕುಪ್ಪೆಯ ಆಚೆ, ಇನ್ನೊಂದು ಕೋಟೆಯ ಕಾಡಂಚಿನಲ್ಲಿ. ಅವರ ಹತ್ತಿರ ಇದ್ದದ್ದು ಒಂದು ಹಳೆಯ ಬೈಕು. ಹೀಗಿದ್ದರೂ ತಿಂಗಳ ಕೊನೆಗೆ ಸೋಮಶೇಖರನ ಫೈಲು ಬಂತೆಂದರೆ ಕಣ್ಣಿಗೆ ಹಬ್ಬ. ನಲವತ್ತೆರಡು ಮಕ್ಕಳು, ಪ್ರತಿಯೊಬ್ಬರಿಗೂ ನಾಲ್ಕು ಫೋಟೊ, ತಾರೀಖಿನ ಕ್ರಮದಲ್ಲಿ. ಉಳಿದ ಶಿಕ್ಷಕರ ಫೈಲುಗಳಲ್ಲಿ ಬಾಯಿ ಬಿಟ್ಟುಕೊಂಡ ಜಾಗಗಳಿರುತ್ತಿದ್ದವು. "ಸೋಮಶೇಖರನಿಗೆ ಎರಡು ತಾಲ್ಲೂಕು ಇದ್ದೂ ಆಗುತ್ತೆ, ನಿಮಗೇನು ರೋಗ?" ಎಂದು ಅವರಿಗೆ ಸಭೆಯಲ್ಲೇ ಹೇಳಿದ್ದೇನೆ. ನಲವತ್ತೆರಡು ಮನೆಯನ್ನು ವಾರದ ಆರು ದಿನಕ್ಕೆ ಭಾಗಿಸಿ ನೋಡುವಷ್ಟು ಲೆಕ್ಕ ನನಗೂ ಬರುತ್ತಿತ್ತು. ನೋಡಲಿಲ್ಲ.

ಅಕ್ಟೋಬರ್‌ನಲ್ಲಿ ಜಿಲ್ಲಾ ಮಟ್ಟದ ಪರಿಶೀಲನಾ ಸಭೆ. ನಾಲ್ಕು ತಾಲ್ಲೂಕಿನ ಪ್ರಗತಿ ತೋರಿಸಲು ನಾನು ಸ್ಲೈಡು ಮಾಡಬೇಕಿತ್ತು. ನಸೀಮಾಳನ್ನು ಆರಿಸಿಕೊಂಡೆ. ಸೆಪ್ಟೆಂಬರ್‌ನ ನಾಲ್ಕು ಗುರುವಾರದ ನಾಲ್ಕು ಫೋಟೊಗಳನ್ನು ಒಂದರ ಪಕ್ಕ ಒಂದು ಇಟ್ಟೆ. ಹಸಿರು ಫ್ರಾಕು, ಹಳದಿ ಫ್ರಾಕು, ಚುಕ್ಕಿ ಫ್ರಾಕು, ಜರಿ ಅಂಚಿನ ಕೆಂಪು ಫ್ರಾಕು. ನಾಲ್ಕರಲ್ಲೂ ಹುಡುಗಿ ಇಲಾಖೆಯ ಕುರ್ಚಿಯಲ್ಲಿ ಕುಳಿತು, ಎರಡೂ ಕೈಗಳನ್ನು ಮುಂದಿನ ಹಲಗೆಯ ಮೇಲಿಟ್ಟು, ಬಾಯಿ ತುಂಬ ನಗುತ್ತಿದ್ದಾಳೆ. ಅಂಗೈಯಲ್ಲಿ ಮೆಹಂದಿ. ಯಾರದೋ ಮದುವೆ ಇದ್ದಿರಬೇಕು, ತುಂಬ ಅಚ್ಚುಕಟ್ಟಾಗಿ ಬಿಡಿಸಿದ್ದರು. ನಾಲ್ಕು ಫೋಟೊದಲ್ಲೂ ಅದೇ ಮೆಹಂದಿ, ಅದೇ ಕಡುಗೆಂಪು.

ನಾನೂ ಹೆಂಗಸು. ಚಿಕ್ಕಂದಿನಿಂದ ಗೋರಂಟಿ ಅರೆದು ಹಚ್ಚಿಕೊಂಡವಳು. ಹತ್ತು ದಿನಕ್ಕೆ ಅದು ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಮೂರು ವಾರಕ್ಕೆ ಉಗುರಿನಲ್ಲಿ ಮಾತ್ರ ಉಳಿಯುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಣ್ಣು ಅಲ್ಲಿ ಒಂದು ಗಳಿಗೆ ನಿಂತಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಪ್ರತ್ಯಕ್ಷ ಕಂಡೆ, ಮೆಹಂದಿ ಚೆನ್ನಾಗಿದೆ ಅಂದುಕೊಂಡೆ, ಸಭೆಗೆ ಹೊತ್ತಾಯಿತೆಂದು ಹೊರಟೆ. ಮರೆತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೇಳಿದರೆ ಸ್ಲೈಡು ಹೋಗುತ್ತದೆ ಎಂದು ಎಲ್ಲೋ ಒಳಗೆ ಗೊತ್ತಿತ್ತು.

ಸಭೆಯಲ್ಲಿ ಚಪ್ಪಾಳೆ ಬಿತ್ತು. ಊಟದ ನಂತರ ಇನ್ನೊಂದು ವಿಷಯ ಬಂತು. ಕೆ.ಆರ್. ನಗರದ ಮಿರ್ಲೆ ಕಡೆ ಇಬ್ಬರು ಮಕ್ಕಳು ಫಿಸಿಯೊಥೆರಪಿಗಾಗಿ ಕಾಯುತ್ತಿದ್ದಾರೆ, ಇರುವುದು ಒಬ್ಬರೇ ಫಿಸಿಯೊಥೆರಪಿಸ್ಟ್, ಪಿರಿಯಾಪಟ್ಟಣದ ಯಾವುದಾದರೂ ಮಗುವಿನ ಭೇಟಿ ಬಿಟ್ಟುಕೊಡಬಹುದೇ ಎಂದು ಕೇಳಿದರು. ಬೆಳಿಗ್ಗೆ ತಾನೆ ನಗುತ್ತ ಕುಳಿತ ಹುಡುಗಿಯನ್ನು ಎಲ್ಲರೂ ನೋಡಿದ್ದರಲ್ಲ. "ಪ್ರಗತಿ ಉತ್ತಮವಾಗಿದೆ, ವಿಶೇಷ ಶಿಕ್ಷಕರ ಭೇಟಿ ಸಾಕು" ಎಂದು ಬರೆದು ನಸೀಮಾಳ ಹೆಸರನ್ನು ಫಿಸಿಯೊಥೆರಪಿ ಪಟ್ಟಿಯಿಂದ ತೆಗೆದು ಸಹಿ ಹಾಕಿದೆ. ಮಿರ್ಲೆಯ ಮಕ್ಕಳಿಗೆ ಅದರಿಂದ ಒಳ್ಳೆಯದಾಯಿತು. ಇದನ್ನು ನಾನು ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಜನವರಿಯ ಮೂರನೇ ಗುರುವಾರ ಬೇರೆ ಕೆಲಸದ ಮೇಲೆ ಪಿರಿಯಾಪಟ್ಟಣಕ್ಕೆ ಹೋಗಿದ್ದೆ. ದಾರಿಯಲ್ಲಿ ಆ ಶಾಲೆಗೂ ಹೊಕ್ಕು ಮುಖ್ಯ ಶಿಕ್ಷಕಿಗೆ ನಸೀಮಾಳ ಫೋಟೊಗಳನ್ನು ತೋರಿಸಿದೆ. ಆಕೆಯ ಮುಖ ಅರಳಿತು. "ಇಷ್ಟು ಚೆನ್ನಾಗಿ ಕೂತ್ಕೋತಾಳಾ? ಹಂಗಾದ್ರೆ ಜೂನ್‌ಗೆ ಕರ್ಕೊಂಡು ಬನ್ನಿ, ಕಿಟಕಿ ಪಕ್ಕ ಜಾಗ ಮಾಡ್ತೀನಿ" ಎಂದರು. ಒಳ್ಳೆಯ ಸುದ್ದಿಯನ್ನು ಫೋನಿನಲ್ಲಿ ಹೇಳುವುದು ಬೇಡವೆನಿಸಿತು. ದಾರಿಯಲ್ಲಿ ಅರ್ಧ ಕೆಜಿ ಜಿಲೇಬಿ ಕಟ್ಟಿಸಿಕೊಂಡು ಆ ಮನೆಗೆ ನಡೆದೇ ಹೋದೆ.

ಬಾಗಿಲು ತೆರೆದಿತ್ತು. ಸೋಮಶೇಖರನ ಬೈಕು ಹೊರಗೆ ನಿಂತಿತ್ತು. ನೋಡಿ ಖುಷಿಯಾಯಿತು, ಪಾಪ ಬಂದಿದ್ದಾನೆ ಅಂದುಕೊಂಡೆ. ಒಳಗೆ ಹಗ್ಗದ ಮೇಲೆ ಎರಡು ಫ್ರಾಕು ಇಸ್ತ್ರಿಯಾಗಿ ತೂಗುತ್ತಿದ್ದವು, ಆಗಲೇ ಕಳಚಿದ ಒಂದು ಕೆಳಗೆ ಬಿದ್ದಿತ್ತು. ಶಾಹಿದಾ ಮಗಳ ತೋಳನ್ನು ಇನ್ನೊಂದು ಫ್ರಾಕಿನ ತೋಳಿಗೆ ತೂರಿಸುತ್ತಿದ್ದರು. ಸೆಟೆದ ತೋಳು ಬಾಗುವುದಿಲ್ಲ, ಸ್ವಲ್ಪ ಸ್ವಲ್ಪವೇ ನೂಕಬೇಕು. ಆಮೇಲೆ ಸೋಮಶೇಖರ ಸೊಂಟಕ್ಕೆ, ಶಾಹಿದಾ ಭುಜಕ್ಕೆ ಕೈಹಾಕಿ ಅವಳನ್ನು ಎತ್ತಿ ಇಲಾಖೆಯ ಕುರ್ಚಿಗೆ ಇಳಿಸಿದರು. ಇಳಿಯಲಿಲ್ಲ. ಒತ್ತಿದರು. ಹುಡುಗಿಯ ಗಂಟಲಿನಿಂದ ಒಂದು ಶಬ್ದ ಬಂತು. ಅವಳನ್ನು ಕುರ್ಚಿಗೆ ಪಟ್ಟಿಯಿಂದ ಬಿಗಿದು, ಕೈಗಳನ್ನು ಹಲಗೆಯ ಮೇಲಿಟ್ಟು, ಸೋಮಶೇಖರ ಹಿಂದಕ್ಕೆ ಬಂದು ಫೋನು ತೆಗೆದರು. ಮೊದಲು ಫೋನಿನ ತಾರೀಖನ್ನು ಒಂದು ವಾರ ಹಿಂದಕ್ಕೆ ಸರಿಸಿದರು.

"ನಗವ್ವ" ಎಂದರು.

ನಸೀಮಾ ನಕ್ಕಳು. ಕಣ್ಣಿನಲ್ಲಿ ನೀರು ತುಂಬಿತ್ತು, ಬಾಯಿ ನಗುತ್ತಿತ್ತು. ನಾನು ಸ್ಲೈಡಿನಲ್ಲಿ ತೋರಿಸಿದ ನಗು ಅದೇ.

ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಇದನ್ನು ಹೇಳಲೇಬೇಕು: ಆ ಕ್ಷಣವೇ ಬಾಯಿ ತೆರೆಯಲಿಲ್ಲ. ಫೋಟೊ ಕ್ಲಿಕ್ಕಾಗುವವರೆಗೂ ನಿಂತೆ, ಏಕೆಂದರೆ ಕೈಗೆ ಸಾಕ್ಷಿ ಸಿಗುತ್ತಿತ್ತು. ಹಿಡಿಯುವವಳ ಚಟ. ಆಮೇಲೆ, "ಸೋಮಶೇಖರ್, ಅವಳನ್ನು ಕೆಳಗಿಳಿಸಿ" ಎಂದೆ.

ಆ ಮನುಷ್ಯನ ಕೈಯಿಂದ ಫೋನು ಬಿತ್ತು. ಇಬ್ಬರೂ ಸೇರಿ ಹುಡುಗಿಯನ್ನು ಬಿಚ್ಚಿ ಚಾಪೆಗೆ ಮಲಗಿಸಿದರು. ಅವಳು ಮಾತ್ರ ನನ್ನ ಕಡೆ ನೋಡಿ, ಏನೋ ತಪ್ಪಾಗುತ್ತಿದೆ ಎಂಬಂತೆ, ಬಹಳ ಕಷ್ಟಪಟ್ಟು ಹೇಳಿದಳು: "ಇನ್ನೂ... ಎರಡ್ ಐತೆ."

ಹಗ್ಗದ ಮೇಲಿನ ಎರಡು ಫ್ರಾಕುಗಳ ಮಾತು. ನನಗೆ ಅರ್ಥವಾಗದ್ದನ್ನು ಕಂಡು ಶಾಹಿದಾ ಬಿಡಿಸಿ ಹೇಳಿದರು. "ಒಂದ್ ಫೋಟೊ ಅಂದ್ರೆ ಒಂದ್ ಹಾಜರಿ ಅಂತ ಮೇಸ್ಟ್ರು ಹೇಳವ್ರೆ ಮೇಡಂ. ಹಾಜರಿ ಸಾಕಷ್ಟಾದ್ರೆ ಜೂನ್‌ಗೆ ಸ್ಕೂಲಿಗ್ ಸೇರಿಸ್ಕೋತಾರಂತೆ. ಅದ್ಕೇ ಅವ್ಳು ನೋವ್ ತಡ್ಕೊಂಡು ನಗಾದು. ಒಂದೊಂದು ದಿನಕ್ಕೂ ಅವ್ರಬ್ಬಾ ಕೈಲಿ ಗೀಟ್ ಹಾಕಿಸ್ಕೊಂಡವ್ಳೆ, ನೋಡಿ."

ಚಾಪೆಯ ಪಕ್ಕದ ಗೋಡೆಯಲ್ಲಿ, ಮಲಗಿದವಳ ಕಣ್ಣಿನ ಮಟ್ಟದಲ್ಲಿ, ಬಡಗಿಯ ದಪ್ಪ ಪೆನ್ಸಿಲಿನಿಂದ ಎಳೆದ ಗೀಟುಗಳಿದ್ದವು. ಜುಲೈಯಿಂದ ಡಿಸೆಂಬರ್‌ವರೆಗೆ ತಿಂಗಳಿಗೆ ನಾಲ್ಕು, ಇಪ್ಪತ್ತನಾಲ್ಕು. ಇವತ್ತಿನದು ಎರಡು ಸೇರಿದರೆ ಇಪ್ಪತ್ತಾರು. ಇಬ್ರಾಹಿಂ ಮಾಡಿದ ಹೊನ್ನೆ ಮರದ ಕುರ್ಚಿ ಮೂಲೆಯಲ್ಲಿತ್ತು. ನವೆಂಬರ್‌ನಿಂದ ಅದರಲ್ಲೂ ಕೂರಲಾಗುತ್ತಿಲ್ಲವಂತೆ, ಸೊಂಟ ಮುಟ್ಟಿದರೆ ಅಳುತ್ತಾಳಂತೆ. ವ್ಯಾಯಾಮ? ಫಿಸಿಯೊಥೆರಪಿಸ್ಟ್ ಬರುವುದು ನಿಂತ ಮೇಲೆ ಶಾಹಿದಾ ಒಂದಿಷ್ಟು ದಿನ ತಾವೇ ಮಾಡಿಸಿದ್ದರು. ಮಗಳು ಕಿರುಚತೊಡಗಿದಾಗ ಸರಿಯೋ ತಪ್ಪೋ ಎಂದು ಕೇಳಲು ಯಾರೂ ಇರಲಿಲ್ಲ, ಬಿಟ್ಟರು. "ಅವ್ರು ಯಾಕ್ ಬರಾದು ನಿಲ್ಸಿದ್ರು ಮೇಡಂ?" ಎಂದು ನನ್ನನ್ನೇ ಕೇಳಿದರು. ನಾನು ಜಿಲೇಬಿಯ ಪೊಟ್ಟಣ ಕೈಯಲ್ಲಿ ಹಿಡಿದು ನಿಂತಿದ್ದೆ.

ಸೋಮಶೇಖರ ನನ್ನ ಹಿಂದೆಯೇ ಬೀದಿಗೆ ಬಂದರು. ಕಾಲಿಗೆ ಬೀಳುತ್ತಾರೆ ಅಂದುಕೊಂಡೆ, ಬೀಳಲಿಲ್ಲ. ಇಬ್ಬರು ಮಕ್ಕಳ ತಂದೆ, ಇನ್ನೂ ನಲವತ್ತು ತುಂಬಿರಲಿಲ್ಲ, ತಲೆ ಪೂರ್ತಿ ನೆರೆತಿತ್ತು.

"ಸುಳ್ ಹೇಳಲ್ಲ ಮೇಡಂ. ತಿಂಗ್ಳಿಗೊಂದ್ ದಿನ ಬತ್ತೀನಿ, ನಾಕ್ ಫೋಟೊ ತಗೀತೀನಿ. ಎಲ್ಲಾರ್ ಮನೇಲೂ ಅಂಗೇಯ. ಕಾಡಂಚಿಗೆ ಹೋಗ್ ಬರಕ್ಕೇ ಒಂದ್ ದಿನ ಆಯ್ತದೆ. ನನ್ ಕೈಲಾಗಲ್ಲ ಅಂತ ನಿಮ್ಗೆ ಎರಡಪ ಹೇಳ್ದೆ. ಆಗ್ದಿದ್ರೆ ಬುಟ್ಟೋಗು ಅಂದ್ರಿ."

"ಮಗುವಿಗೆ ನೋವಾಗ್ತಿದೆ ಅಂತ ಯಾಕೆ ಬರೆಯಲಿಲ್ಲ?"

"ನೀವ್ ಕೇಳಿದ್ದು ಫೋಟೊ ಮೇಡಂ. ಮಗು ಎಂಗೈತೆ ಅಂತ ಒಂದ್ ದಿನನಾರ ಕೇಳುದ್ರಾ?"

ಹೌದು, ಆತ ಎರಡು ಸಲ ಬಂದು ಹೇಳಿದ್ದರು. ಎರಡನೇ ಸಲ ನಾನು ಫೈಲಿನಿಂದ ತಲೆ ಕೂಡ ಎತ್ತಿರಲಿಲ್ಲ. ಆದರೆ ಅವತ್ತು ಆ ಮಾತಿನಿಂದ ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಮಾಡಬಾರದ್ದು ಮಾಡಿ ಎದುರು ಮಾತು ಬೇರೆ ಎಂದು ಮೈಯೆಲ್ಲ ಉರಿಯಿತು. ಕಚೇರಿಗೆ ಹೋಗಿ ಆ ಸಂಜೆಯೇ ವರದಿ ಬರೆಯಲು ಕೂತೆ. ನಾಲ್ಕು ಸೆಪ್ಟೆಂಬರ್ ಫೋಟೊಗಳನ್ನು ಅಂಟಿಸಿ, ಮೆಹಂದಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಇದು ಒಂದೇ ದಿನದ್ದು ಎಂಬುದಕ್ಕೆ ಕಾರಣ ಬರೆದೆ. ಫ್ರಾಕು ಬದಲಾಯಿಸಿದರು, ಕೈಯ ಬಣ್ಣ ಬದಲಾಯಿಸಲು ಆಗಲಿಲ್ಲ. ಬಹಳ ಚೆನ್ನಾಗಿ ಬಂದ ವರದಿ. ಮೆಹಂದಿಯನ್ನು ನಾನು ಅಕ್ಟೋಬರ್‌ನಲ್ಲೇ ನೋಡಿದ್ದೆ ಎಂಬುದನ್ನು ಅದರಲ್ಲಿ ಬರೆಯಲಿಲ್ಲ.

ಮುಂದಿನ ವಾರ ಫಿಸಿಯೊಥೆರಪಿಸ್ಟ್ ಅವರನ್ನು ಕರೆದುಕೊಂಡು ಹೋದೆ. ಅವರು ನಸೀಮಾಳ ಕಾಲನ್ನು ಮೆಲ್ಲಗೆ ಎತ್ತಿ ನೋಡಿದರು, ಇಳಿಸಿದರು, ಎಕ್ಸ್‌ರೇ ಮಾಡಿಸಲು ಹೇಳಿದರು. ಎಡ ಸೊಂಟದ ಕೀಲು ಜಾರಿತ್ತು. ಬಲಗಡೆಯದು ಬಿಗಿದು ಹೋಗಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ, ಆಪರೇಷನ್ ಮಾಡಿದರೆ ನೋವು ಕಮ್ಮಿಯಾಗಬಹುದು, ಕೂರುವ ಭರವಸೆ ಕೊಡಲಾರೆವು ಎಂದರು. ಫಿಸಿಯೊಥೆರಪಿಸ್ಟ್ ಹಿಂತಿರುಗುವಾಗ ಜೀಪಿನಲ್ಲಿ, "ನನ್ನನ್ನು ಆ ಮನೆಯಿಂದ ಯಾಕೆ ತೆಗೆದಿರಿ ಮೇಡಂ?" ಎಂದು ಕೇಳಿದರು. ಪ್ರಗತಿ ಉತ್ತಮವಾಗಿತ್ತು ಎಂದೆ.

ಆಮೇಲಿನದೆಲ್ಲ ಸರಸರನೆ ನಡೆಯಿತು. ಮಾರ್ಚ್‌ನಲ್ಲಿ ಸೋಮಶೇಖರನ ಗುತ್ತಿಗೆ ರದ್ದಾಯಿತು. ನನಗೆ ಕರ್ತವ್ಯನಿಷ್ಠೆಗಾಗಿ ಮೇಲಿನಿಂದ ಪ್ರಶಂಸಾ ಪತ್ರ ಬಂತು. ಕಚೇರಿಯಲ್ಲಿ ಮೈಸೂರುಪಾಕು ಹಂಚಿದರು. ಒಂದು ತುಂಡು ನಾನೂ ತಿಂದೆ. ನನ್ನ ವರದಿಯ ಆಧಾರದ ಮೇಲೆ ಹೊಸ ಸೂಚನೆಯೂ ಹೊರಟಿತು. ಇನ್ನು ಮುಂದೆ ಫೋಟೊ ಸಾಲದು, ಪ್ರತಿ ಭೇಟಿಗೂ ಅರ್ಧ ನಿಮಿಷದ ವಿಡಿಯೊ ಕಳಿಸಬೇಕು. ಜೂನ್‌ನಲ್ಲಿ ಮುಖ್ಯ ಶಿಕ್ಷಕಿ ಫೋನು ಮಾಡಿ, "ಕಿಟಕಿ ಪಕ್ಕ ಜಾಗ ಇಟ್ಟಿದ್ದೆ, ಯಾರೂ ಬರಲೇ ಇಲ್ಲವಲ್ಲ" ಎಂದರು. ಅವರಿಗೆ ನಡೆದದ್ದನ್ನು ಹೇಳಿದೆ. ನಸೀಮಾಳ ಫೈಲಿನಲ್ಲಿ "ಶಾಲೆಗೆ ಹಾಜರಾಗಲು ಅರ್ಹಳಲ್ಲ, ಕಾಯಂ ಗೃಹಾಧಾರಿತ" ಎಂದು ಬರೆದದ್ದೂ ನಾನೇ.

ಗೃಹಾಧಾರಿತವೆಂದರೆ ಯಾರಾದರೂ ಮನೆಗೆ ಹೋಗಬೇಕು. ಸೋಮಶೇಖರನ ಜಾಗಕ್ಕೆ ಯಾರೂ ಬರಲಿಲ್ಲ. ಎರಡು ತಾಲ್ಲೂಕು, ನಲವತ್ತೆರಡು ಮಕ್ಕಳು, ಒಂದು ಫೈಲೂ ಇಲ್ಲ. ನಾನು ಏಳು ಸಲ ಪತ್ರ ಬರೆದೆ. ಬೇಲಿ ಎದ್ದು ಹೊಲ ಮೇಯ್ದಿತೆಂದು ನಾನು ಬೇಲಿಯನ್ನೇ ಕಿತ್ತುಹಾಕಿದ್ದೆ. 2024ರಲ್ಲಿ ನಿವೃತ್ತಳಾಗುವ ದಿನವೂ ಆ ಹುದ್ದೆ ಖಾಲಿಯೇ ಇತ್ತು.

ಈ ಕೆಲಸ ನನಗೆ ಏನು ಕಲಿಸಿತೆಂದು ಹೊಸದಾಗಿ ಸೇರಿದವರು ಕೆಲವರು ಕೇಳುತ್ತಾರೆ. ಸುಳ್ಳನ್ನು ಹಿಡಿದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ, ಅದನ್ನು ಕಿತ್ತ ಜಾಗದಲ್ಲಿ ಮಗುವಿಗೆ ಏನಿಡುತ್ತೀರಿ ಎಂದು ಮೊದಲು ಯೋಚಿಸಿ ಎನ್ನುತ್ತೇನೆ. ಶಿಕ್ಷಕನನ್ನು ಪ್ರಶ್ನಿಸುವ ಮೊದಲು ಅವನ ಕೈಯಲ್ಲಿ ಎಷ್ಟು ಮನೆಗಳಿವೆ ಎಂದು ಎಣಿಸಿ, ಕಾಗದ ನೋಡುವ ಮೊದಲು ಮಗುವನ್ನು ನೋಡಿ ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಬರೆದುಕೊಳ್ಳುವುದನ್ನು ಕಂಡರೆ ಈಗ ನನಗೆ ಭಯವಾಗುತ್ತದೆ.

ನಿವೃತ್ತಳಾದ ಮರುವರ್ಷ ಒಮ್ಮೆ ಪಿರಿಯಾಪಟ್ಟಣಕ್ಕೆ ಹೋದೆ. ಶಾಹಿದಾ ಒಳಗೆ ಕರೆದು ಟೀ ಕೊಟ್ಟರು. ಬೈಯಲಿಲ್ಲ. ಲೋಟ ಇಡುವಾಗ ಮಾತ್ರ, "ಆ ಮೇಸ್ಟ್ರು ಸುಳ್ಳೋ ಪಳ್ಳೋ ತಿಂಗ್ಳಿಗೊಂದಪನಾರ ಬತ್ತಿದ್ರು ಮೇಡಂ. ಬಂದ್ರೆ ಅವ್ಳ್ ಜೊತೆ ನಾಕ್ ಮಾತಾಡ್ತಿದ್ರು. ನೀವ್ ಬಂದು ಅದ್ನೂ ಇಲ್ದಂಗ್ ಮಾಡುದ್ರಿ" ಎಂದರು. ಹವಾಮಾನದ ಮಾತಾಡುವಂತೆ ಹೇಳಿದರು. ಇಬ್ರಾಹಿಂ ಹೊನ್ನೆ ಮರದ ಕುರ್ಚಿಯನ್ನು ಬಿಚ್ಚಿ, ಅದೇ ಹಲಗೆಯಲ್ಲಿ ಮಲಗಿಕೊಂಡು ಓದಲು ಒಂದು ಓರೆ ಮಣೆ ಮಾಡಿಕೊಟ್ಟಿದ್ದರು. ನಸೀಮಾ ಉದ್ದವಾಗಿದ್ದಳು, ಸಣ್ಣಗಾಗಿದ್ದಳು. ಮಣೆಯ ಮೇಲೆ ಪಕ್ಕದ ಮನೆಯವರ ಹಳೆಯ ಐದನೇ ತರಗತಿಯ ಪುಸ್ತಕವಿತ್ತು. ಅವಳ ವಯಸ್ಸಿನವರು ಎಂಟನೆಯದರಲ್ಲಿದ್ದರು.

ಏನು ಓದುತ್ತಿದ್ದಾಳೆಂದು ನೋಡಲು ನಾನು ಬ್ಯಾಗಿನಿಂದ ಕನ್ನಡಕ ತೆಗೆದು ಮುಖದ ಹತ್ತಿರ ಎತ್ತಿದೆ. ಅವಳು ತಟಕ್ಕನೆ ಎರಡೂ ಕೈಗಳನ್ನು ಎಳೆದು ಮಣೆಯ ಮೇಲಿಟ್ಟು, ನನ್ನ ಕಡೆ ತಿರುಗಿ, ಬಾಯಿ ತುಂಬ ನಕ್ಕಳು. ಸೊಂಟ ತಿರುಗಿದ ನೋವಿಗೆ ಕಣ್ಣು ತುಂಬಿಕೊಂಡಿತು. ನಗು ಹೋಗಲಿಲ್ಲ.

"ಫೋನಲ್ಲ ಬೇಟಾ, ಮೇಡಂದು ಕನ್ನಡಕ" ಎಂದರು ಶಾಹಿದಾ.

ಅವಳು ಅಮ್ಮನ ಮಾತು ಕೇಳಿಸಿಕೊಳ್ಳಲಿಲ್ಲ. ಗೋಡೆಯ ಕಡೆ ನೋಡಿದಳು. ಅಲ್ಲಿ ಗೀಟುಗಳು ಹಾಗೇ ಇದ್ದವು, ಆ ಗುರುವಾರದ ಎರಡೂ ಸೇರಿ. ಆಮೇಲೆ ನನ್ನನ್ನು ನೋಡಿ, "ಇಪ್ಪತ್ತೇಳು?" ಎಂದು ಕೇಳಿದಳು.

ಬಡಗಿಯ ಪೆನ್ಸಿಲು ಕಿಟಕಿಯ ಮೇಲಿತ್ತು. ತೆಗೆದುಕೊಂಡು, ನೆಲಕ್ಕೆ ಕೂತು, ಇಪ್ಪತ್ತಾರರ ಪಕ್ಕ ಇನ್ನೊಂದು ಗೀಟು ಎಳೆದೆ. ಸುಳ್ಳು ಹಾಜರಿಗಾಗಿ ಒಬ್ಬನ ಅನ್ನ ಕಿತ್ತವಳು ನಾನು. ಆ ಗೋಡೆಯ ಮೇಲಿನ ಮೊದಲ ಇಪ್ಪತ್ತನಾಲ್ಕು ಸುಳ್ಳಿಗೂ ತಿಂಗಳು ತಿಂಗಳು ನನ್ನ ಸಹಿ ಬಿದ್ದಿದೆ. ಆದರೆ ಮಗುವಿನ ಪಕ್ಕ ಕೂತು, ಅವಳನ್ನು ನೋಡಿ ನಾನು ಹಾಕಿದ ಹಾಜರಿ ಅದೊಂದೇ.